ಹಂಡೆ ನಮ್ಮ ಮನೆಗೆ, ದಿಬ್ಬ ಅವರ ಊರಿಗೆ

ಸದಲಗಾದ ನಮ್ಮ ಹಳೆಯ ಮನೆಯ ಬಚ್ಚಲಲ್ಲಿ ಒಂದು ತಾಮ್ರದ ಹಂಡೆ ಇತ್ತು. ಒಲೆಯ ಮೇಲೆ ಕೂತು ಕೂತು ಅದರ ತಳ ಕರಿ ಹಿಡಿದಿತ್ತು. ಕಂಠ ಮಾತ್ರ, ಹಬ್ಬದ ಮುಂಚಿನ ದಿನ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೆ, ಕೆಂಪಗೆ ಹೊಳೆಯುತ್ತಿತ್ತು. ಅಜ್ಜಿ ಅದನ್ನು ತವರಿನಿಂದ ತಂದಿದ್ದಳು. ಮನೆಗೆ ಗೀಸರ್ ಬಂದ ವರ್ಷ ಅದನ್ನು ತೂಕಕ್ಕೆ ಹಾಕಿದೆವು. ಹತ್ತು ಕಿಲೋ ತೂಗಿತು. ಕೊಂಡವನು ಅದನ್ನು ಮಗುಚಿ, ಬೆರಳಿನಿಂದ ತಟ್ಟಿ ನೋಡಿ, "ತಾಮ್ರಕ್ಕೇನ್ರಿ, ಹಳೇದು ಹೊಸದು ಅಂತ ಇಲ್ಲ, ಕರಗಿಸಿದ್ರ ಎಲ್ಲಾ ಹೊಸದ" ಎಂದ.

ಅವನ ಮಾತು ನಿಜ. ತಾಮ್ರ ಸುಲಭಕ್ಕೆ ಸಾಯುವ ಲೋಹವಲ್ಲ. ಹಂಡೆ ಕೊಡವಾಗುತ್ತದೆ, ಕೊಡ ತಂತಿಯಾಗುತ್ತದೆ, ತಂತಿ ಮತ್ತೆ ತಂಬಿಗೆಯಾಗುತ್ತದೆ. ಆದರೆ ಆ ತಾಮ್ರ ಮೊದಲು ನೆಲದಿಂದ ಹೊರಬಂದ ಊರು ಏನಾಯಿತು? ಅಲ್ಲಿ ಅಗೆದವರು ಯಾರು, ಅಗೆದ ಮೇಲೆ ಅವರೆಲ್ಲಿಗೆ ಹೋದರು? ಹಂಡೆ ಮನೆಯಲ್ಲಿದ್ದಷ್ಟು ಕಾಲ ನಮಗೆ ಯಾರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ.

ನಮ್ಮ ಸೀಮೆಯಲ್ಲಿ ತಾಮ್ರದ ಗಣಿಯಿಲ್ಲ. ದೂಧಗಂಗೆಯ ದಂಡೆಯ ಎರೆಮಣ್ಣು, ಕೋಟ್ಯಂತರ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಸವೆದು ಆದದ್ದು. ಕಬ್ಬಿಗೆ, ತಂಬಾಕಿಗೆ, ಜೋಳಕ್ಕೆ ಅದು ಒಳ್ಳೆಯ ನೆಲ. ತಾಮ್ರ ಮಾತ್ರ ಯಾವಾಗಲೂ ಹೊರಗಿನಿಂದಲೇ ಬರಬೇಕಿತ್ತು. ಬಂದ ತಾಮ್ರವನ್ನು ಬಡಿದು ಪಾತ್ರೆ ಮಾಡುವವರು, ಮಾರುವವರು ಇಲ್ಲಿದ್ದರು: ಕಂಚುಗಾರರು, ತಾಂಬಟರು, ಬೋಗಾರರು. ಬೆಳಗಾವಿಯ ಬೋಗಾರ್‌ವೇಸ್ ವೃತ್ತದಲ್ಲಿ ಬಸ್ಸು ಇಳಿಯುವವರೆಲ್ಲ ಗೊತ್ತಿಲ್ಲದೆಯೇ ಬೋಗಾರರ ಹೆಸರು ಹೇಳುತ್ತಾರೆ. ಪುಣೆಯ ತಾಂಬಟ ಆಳಿಯಲ್ಲಿಯೂ ಹಾಗೆಯೇ. ಬಡಿದವರ ಹೆಸರು ಬೀದಿಗಳಲ್ಲಿ ಉಳಿದಿದೆ. ಅಗೆದವರ ಹೆಸರು ಎಲ್ಲಿದೆ?

ಇದೇ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ 19ನೇ ಶತಮಾನದಲ್ಲಿ ಕದಂಬರ ತಾಮ್ರಪಟಗಳು ಸಿಕ್ಕವು. ಜೆ. ಎಫ್. ಫ್ಲೀಟ್ ಅವನ್ನು ಓದಿ ಪ್ರಕಟಿಸಿದರು. ಕಾಕುತ್ಸ್ಥವರ್ಮ, ಮೃಗೇಶವರ್ಮ, ರವಿವರ್ಮರ ಹೆಸರುಗಳು ಅವುಗಳಲ್ಲಿವೆ. ದಾನ ಕೊಟ್ಟವರು ಯಾರು, ಪಡೆದವರು ಯಾರು, ದಾನ ಕೆಡಿಸಿದವನಿಗೆ ಬರುವ ಪಾಪ ಎಂಥದು, ಎಲ್ಲವೂ ಇದೆ. ಒಂದೂವರೆ ಸಾವಿರ ವರ್ಷ ಕಳೆದರೂ ಅಕ್ಷರ ಉಳಿದಿರುವುದು ಅದು ತಾಮ್ರವಾದ್ದರಿಂದ. ಆದರೆ ಆ ತಾಮ್ರವನ್ನು ಕಲ್ಲಿನಿಂದ ಬಿಡಿಸಿದವರ ಬಗ್ಗೆ ಪಟದಲ್ಲಿ ಒಂದಕ್ಷರವೂ ಇಲ್ಲ.

ಕರ್ನಾಟಕದಲ್ಲಿ ತಾಮ್ರ ಇರುವುದು ಧಾರವಾಡ ಶಿಲಾಸಮೂಹ ಎಂದು ಭೂವಿಜ್ಞಾನಿಗಳು ಕರೆಯುವ ಪುರಾತನ ಕಲ್ಲಿನ ಪಟ್ಟಿಗಳಲ್ಲಿ. ಅವುಗಳಲ್ಲಿ ಎರಡು ಜಾಗ ಮುಖ್ಯ: ಚಿತ್ರದುರ್ಗದ ಹತ್ತಿರದ ಇಂಗಳದಾಳು, ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ಕಲ್ಯಾಡಿ. ಎರಡೂ ಕಡೆ ಹೊಸಗಾಲದ ಎಂಜಿನಿಯರುಗಳು ಬರುವ ಮೊದಲೇ ಯಾರೋ ಅಗೆದು ಹೋದ ಹಳೆಯ ಗುಂಡಿಗಳಿದ್ದವು. ಚಿತ್ರದುರ್ಗ ಜಿಲ್ಲೆಯದೇ ಆದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ, ಕಲ್ಲಿನ ಕೊಡಲಿ ಬಳಸುತ್ತಿದ್ದ ಜನರ ನೆಲೆಯಲ್ಲಿಯೇ ತಾಮ್ರ, ಕಂಚಿನ ಕೆಲವು ಸಾಮಾನು ಸಿಕ್ಕವು. ಕಬ್ಬಿಣಕ್ಕೂ ಮೊದಲು ನಮ್ಮ ನಾಡಿಗೆ ಪರಿಚಯವಾದ ಲೋಹಗಳಲ್ಲಿ ತಾಮ್ರವೊಂದು.

ಹಿಂದಿನವರು ಗಟ್ಟಿ ಕಲ್ಲನ್ನು ಒಡೆಯುತ್ತಿದ್ದ ಬಗೆ ಸರಳವಾಗಿತ್ತು, ಕ್ರೂರವೂ ಆಗಿತ್ತು. ಕಲ್ಲಿನ ಮುಖಕ್ಕೆ ಸೌದೆ ಒಟ್ಟಿ ಬೆಂಕಿ ಹಾಕುವುದು, ಕಾದ ಕಲ್ಲಿಗೆ ನೀರು ಎರಚುವುದು, ಬಿರುಕು ಬಿಟ್ಟಲ್ಲಿ ಗೂಟ ಜಡಿಯುವುದು. ಇಕ್ಕಟ್ಟಾದ ಗುಂಡಿಯೊಳಗೆ ಹೊಗೆ, ಹಬೆ, ಕತ್ತಲೆ. ಮೇಲೆ ತಂದ ಅದಿರನ್ನು ಕುಟ್ಟಿ, ಸುಟ್ಟು, ಇದ್ದಿಲ ಕುಲುಮೆಯಲ್ಲಿ ಕರಗಿಸಬೇಕು. ಲೋಹ ಸಂತೆಗೆ ಹೋಗುತ್ತದೆ, ಕಿಟ್ಟ ಅಲ್ಲೇ ಬೀಳುತ್ತದೆ, ಇದ್ದಿಲಿಗಾಗಿ ಸುತ್ತಲ ಕುರುಚಲು ಕಾಡು ತೆಳ್ಳಗಾಗುತ್ತದೆ. ಕಿಟ್ಟದ ಆಯುಸ್ಸು ಎಷ್ಟು ಎಂಬುದಕ್ಕೆ ಜೋರ್ಡಾನಿನ ಫೈನಾನ್ ಕಣಿವೆಯನ್ನು ನೋಡಬೇಕು. ಅಲ್ಲಿ ರೋಮನ್ನರು ತಾಮ್ರ ಕರಗಿಸುವುದನ್ನು ಬಿಟ್ಟು ಒಂದೂವರೆ ಸಾವಿರ ವರ್ಷಗಳ ಮೇಲಾಗಿದೆ; ಆ ದಿಬ್ಬಗಳ ಸುತ್ತಲ ಮಣ್ಣಿನಲ್ಲಿ ಇಂದಿಗೂ ಸೀಸ, ತಾಮ್ರ ಮಿತಿಮೀರಿ ಇವೆ.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಇಂಗಳದಾಳು ಮತ್ತೆ ಬಾಯಿ ತೆರೆಯಿತು. ಚಿತ್ರದುರ್ಗ ಕಾಪರ್ ಕಂಪನಿ ಅಲ್ಲಿ ಗಣಿ ನಡೆಸಿತು. ಮುಂದೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯ ಆಡಳಿತಕ್ಕೆ ಸೇರಿತು. ಇಲ್ಲಿ ಒಂದು ಲೆಕ್ಕ ಹೇಳಬೇಕು. ತಾಮ್ರದ ಮುಖ್ಯ ಅದಿರು ಚಾಲ್ಕೋಪೈರೈಟ್. ಅದರಲ್ಲಿ ಮೂರನೆಯ ಒಂದು ಪಾಲು ತಾಮ್ರ, ಉಳಿದದ್ದು ಕಬ್ಬಿಣ ಮತ್ತು ಗಂಧಕ. ಆದರೆ ಆ ಅದಿರು ಕಲ್ಲಿನೊಳಗೆ ಎಳೆ ಎಳೆಯಾಗಿ ಹರಡಿರುತ್ತದೆ. ಒಟ್ಟು ಕಲ್ಲಿನಲ್ಲಿ ನೂರಕ್ಕೆ ಒಂದು ಪಾಲು ತಾಮ್ರವಿದ್ದರೆ ಗಣಿ ನಡೆಸಲು ಸಾಕು ಎಂದುಕೊಳ್ಳಿ. ಆಗ ನಮ್ಮ ಮನೆಯ ಹತ್ತು ಕಿಲೋ ಹಂಡೆಗೆ ಕಡಿಮೆಯೆಂದರೂ ಒಂದು ಟನ್ ಕಲ್ಲು ಮೇಲೆ ಬರಬೇಕು. ಆ ಕಲ್ಲನ್ನು ಹಿಟ್ಟಿನಂತೆ ಬೀಸಿ, ನೀರಿನಲ್ಲಿ ಕಲಸಿ, ನೊರೆಯಲ್ಲಿ ಅದಿರನ್ನು ತೇಲಿಸಿ ತೆಗೆಯುತ್ತಾರೆ. ಹಂಡೆ ನಮ್ಮ ಮನೆಗೆ ಬರುತ್ತದೆ. ಉಳಿದ ಒಂಬತ್ತು ನೂರಕ್ಕೂ ಹೆಚ್ಚು ಕಿಲೋ ಬೂದುಬಣ್ಣದ ಹಿಟ್ಟು ಗಣಿಯ ಊರಿನಲ್ಲಿ ದಿಬ್ಬವಾಗಿ ಕೂರುತ್ತದೆ.

ಆ ದಿಬ್ಬ ಸುಮ್ಮನೆ ಕೂರುವುದೂ ಇಲ್ಲ. ತಾಮ್ರದ ಅದಿರಿನ ಜೊತೆ ಸಾಮಾನ್ಯವಾಗಿ ಪೈರೈಟ್ ಎಂಬ, ಗಂಧಕ ತುಂಬಿದ ಖನಿಜ ಇರುತ್ತದೆ. ನೆಲದೊಳಗೆ ಗಾಳಿ ತಾಗದೆ ಇದ್ದಾಗ ಅದು ತಣ್ಣಗಿರುತ್ತದೆ. ಹೊರಗೆ ಬಂದು ಗಾಳಿ, ಮಳೆನೀರು ಸೋಕಿದರೆ ಗಂಧಕಾಮ್ಲವಾಗುತ್ತದೆ. ಆಮ್ಲ ಉಳಿದ ಲೋಹಗಳನ್ನೂ ಕರಗಿಸಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಇಂಗಳದಾಳು, ಕಲ್ಯಾಡಿ ಎರಡೂ ಕಡೆ ಇಂದು ತಾಮ್ರದ ಕೆಲಸ ನಿಂತಿದೆ. ಕೂಲಿ ನಿಂತ ದಿನ ರಸಾಯನದ ಕೆಲಸ ನಿಲ್ಲುವುದಿಲ್ಲ ಎಂಬುದನ್ನು ಮಾತ್ರ ನಾವು ಮರೆಯುತ್ತೇವೆ.

ಅಜ್ಜಿಯ ಹಂಡೆಗೆ ಮರಳುತ್ತೇನೆ. ಅದರ ತಾಮ್ರ ಇಂಗಳದಾಳಿನದಲ್ಲ. ಅವಳ ಮದುವೆಯ ಹೊತ್ತಿಗೆ ಆ ಕಂಪನಿಯೇ ಇರಲಿಲ್ಲ. ಅವಳ ಕಾಲದ, ಅವಳ ಅಜ್ಜಿಯ ಕಾಲದ ತಾಮ್ರಕ್ಕೆ ಬೇರೆಯೇ ದಾರಿಯಿತ್ತು. 18ನೇ ಶತಮಾನದ ಉತ್ತರಾರ್ಧದಲ್ಲಿ ಈಸ್ಟ್ ಇಂಡಿಯಾ ಕಂಪನಿ ಬ್ರಿಟನ್ನಿನ ತಾಮ್ರದ ದೊಡ್ಡ ಗಿರಾಕಿಯಾಗಿತ್ತು. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್, ಡೆವನ್ ಗಣಿಗಳಲ್ಲಿ ಅಗೆದ ಅದಿರನ್ನು ಕಲ್ಲಿದ್ದಲು ಹೇರಳವಾಗಿದ್ದ ವೇಲ್ಸಿನ ಸ್ವಾನ್ಸೀಗೆ ಸಾಗಿಸಿ ಕರಗಿಸುತ್ತಿದ್ದರು. ಗಟ್ಟಿಯಾಗಿ, ತಗಡಾಗಿ ಅದು ಹಡಗೇರಿ ಮುಂಬೈಗೆ ಬರುತ್ತಿತ್ತು. ಸಿದ್ಧ ತಗಡು ಅಗ್ಗಕ್ಕೆ ಸಿಗುವಾಗ ಕಾಡು ಕಡಿದು ಕುಲುಮೆ ಊದುವವರು ಯಾರು? ನಮ್ಮ ಕಂಚುಗಾರರ ಸುತ್ತಿಗೆ ನಿಲ್ಲಲಿಲ್ಲ, ಆದರೆ ಅದರ ಕೆಳಗಿನ ತಾಮ್ರ ಬದಲಾಯಿತು.

ಆ ತಾಮ್ರದ ಬೆಲೆಯನ್ನು ಅಲ್ಲಿನವರೂ ತೆತ್ತರು. ಸ್ವಾನ್ಸೀ ಕಣಿವೆಯ ಕೆಳಭಾಗದಲ್ಲಿ ಗಂಧಕದ ಹೊಗೆ ಹುಲ್ಲುಕಡ್ಡಿಯನ್ನೂ ಬಿಡದೆ ಗುಡ್ಡಗಳನ್ನು ಬೋಳಾಗಿಸಿತು. ಡೆವನ್ನಿನ ಡೆವನ್ ಗ್ರೇಟ್ ಕಾನ್ಸಲ್ಸ್ ಗಣಿಯಲ್ಲಿ ತಾಮ್ರ ಕಡಿಮೆಯಾದ ಮೇಲೆ ಅದೇ ಅದಿರಿನಿಂದ ಆರ್ಸೆನಿಕ್ ತೆಗೆದರು; ಗಣಿ ಮುಚ್ಚಿ ನೂರು ವರ್ಷದ ಮೇಲಾದರೂ ಆ ಮಣ್ಣಿನಲ್ಲಿ ವಿಷ ಉಳಿದಿದೆ. 1866ರಲ್ಲಿ ತಾಮ್ರದ ಬೆಲೆ ಕುಸಿದಾಗ ಕಾರ್ನ್‌ವಾಲಿನ ಗಣಿಗಳು ಒಂದರ ಹಿಂದೊಂದು ಮುಚ್ಚಿದವು. ಕಲ್ಲಿನ ಕೆಲಸ ಬಿಟ್ಟು ಬೇರೇನೂ ಗೊತ್ತಿಲ್ಲದ ಸಾವಿರಾರು ಜನ ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾಕ್ಕೆ ಗುಳೆ ಹೋದರು. ಅವರಲ್ಲಿ ಕೆಲವರು ಬಂದು ಸೇರಿದ್ದು ನಮ್ಮ ಕೋಲಾರಕ್ಕೆ.

ಇದು ಕಾಕತಾಳೀಯವಲ್ಲ. 1880ರಿಂದ ಕೋಲಾರದ ಚಿನ್ನದ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಬೇರು ತಾಮ್ರದಲ್ಲಿಯೇ ಇತ್ತು. ಅದರ ಸ್ಥಾಪಕ ಜಾನ್ ಟೇಲರ್ ತನ್ನ 19ನೆಯ ವಯಸ್ಸಿನಲ್ಲಿ, 1798ರಲ್ಲಿ, ಡೆವನ್ನಿನ ವೀಲ್ ಫ್ರೆಂಡ್‌ಶಿಪ್ ಎಂಬ ತಾಮ್ರದ ಗಣಿಯ ಮೇಲ್ವಿಚಾರಕನಾಗಿದ್ದ. ತಾಮ್ರದಲ್ಲಿ ಕಲಿತ ವಿದ್ಯೆ ಚಿನ್ನಕ್ಕೆ ಬಂತು. ಗಣಿಯೂರನ್ನು ಮೇಲು ಕೆಳಗು ಮಾಡಿ ಕಟ್ಟುವ ಕ್ರಮವೂ ಜೊತೆಗೆ ಬಂತು. ಕೆಜಿಎಫ್‌ನಲ್ಲಿ ಮೇಲಿನ ಹುದ್ದೆಯವರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ತಮಿಳು ಸೀಮೆಯಿಂದ ಬಂದ, ಬಹುಪಾಲು ದಲಿತರಾದ ಕಾರ್ಮಿಕರಿಗೆ ತಟ್ಟಿಯ ಗುಡಿಸಲುಗಳ ಸಾಲು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ವಿದ್ಯುತ್ ಹರಿದು ಬಂದದ್ದನ್ನು ನಾವು ಶಾಲೆಯಲ್ಲಿ ಓದುತ್ತೇವೆ. ಆ ವಿದ್ಯುತ್ ಮೊದಲು ಹೋದದ್ದು ಗಣಿಯ ಯಂತ್ರಗಳಿಗೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರಿಗೆ ಸಿಕ್ಕಿದ್ದು ಸುಡುವ ಕಲ್ಲು, ಇದ್ದಕ್ಕಿದ್ದಂತೆ ಸಿಡಿದು ಬೀಳುವ ಬಂಡೆ, ಕಲ್ಲಿನ ದೂಳು ಕೂತು ಗಟ್ಟಿಯಾಗುವ ಶ್ವಾಸಕೋಶ. 1930ರಲ್ಲಿ ಕಂಪನಿ ಬೆರಳಚ್ಚು ತೆಗೆದು ನೋಂದಣಿ ಮಾಡಹೊರಟಾಗ ಕಾರ್ಮಿಕರು ಮುಷ್ಕರ ಹೂಡಿದರು. ತಾಮ್ರಪಟದಲ್ಲಿ ಹೆಸರೇ ಇಲ್ಲದವನಿಂದ ಈಗ ಹೆಬ್ಬೆಟ್ಟು ಕೇಳುತ್ತಿದ್ದರು, ಅದೂ ಕಳ್ಳನೆಂದು ಗುಮಾನಿಪಟ್ಟು.

2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿತು. ಸುಮಾರು 120 ವರ್ಷಗಳಲ್ಲಿ 800 ಟನ್ ಚಿನ್ನ ಹೊರಗೆ ಹೋಗಿತ್ತು. ಉಳಿದದ್ದು ನೀರು ತುಂಬಿದ ಬಾವಿಗಳು, 13 ಸಯನೈಡ್ ದಿಬ್ಬಗಳು. ಅವುಗಳಲ್ಲಿ ಸುಮಾರು 3.3 ಕೋಟಿ ಟನ್ ಹಿಟ್ಟು. ಬೇಸಿಗೆಯ ಗಾಳಿಗೆ ಆ ದೂಳು ಏಳುತ್ತದೆ, ಮನೆಯೊಳಗಿನ ಅನ್ನದ ತಟ್ಟೆಯವರೆಗೂ ಬರುತ್ತದೆ. ಗಣಿಗೆ ಇಳಿದವರ ಮಕ್ಕಳು ಮೊಮ್ಮಕ್ಕಳು ಬೆಳಕು ಹರಿಯುವ ಮೊದಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ.

ಇದೇ ಗತಿ ಎಲ್ಲ ಗಣಿಯೂರಿಗೂ ಬರಲೇಬೇಕೆಂದಿಲ್ಲ. ಸ್ವಾನ್ಸೀಯಲ್ಲಿ 1961ರಲ್ಲಿ ವಿಶ್ವವಿದ್ಯಾಲಯ, ನಗರಸಭೆ ಕೂಡಿ ಬೋಳು ಕಣಿವೆಯ ಅಧ್ಯಯನ ಆರಂಭಿಸಿದವು. ಕಿಟ್ಟದ ದಿಬ್ಬಗಳನ್ನು ತೆಗೆದರು, ಶಾಲೆಯ ಮಕ್ಕಳು ಗಿಡ ನೆಟ್ಟರು. ಇಂದು ಅಲ್ಲಿ ಮತ್ತೆ ಹಸಿರಿದೆ. ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್ನಿನ ಗಣಿಪ್ರದೇಶ 2006ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿತು. ಹಾಗೆಂದು ಅಲ್ಲಿ ಎಲ್ಲವೂ ಸುಖಾಂತವಲ್ಲ. ವೀಲ್ ಜೇನ್ ಎಂಬ ತವರದ ಗಣಿಯಲ್ಲಿ ಪಂಪು ನಿಲ್ಲಿಸಿದ ಮೇಲೆ, 1992ರ ಜನವರಿಯಲ್ಲಿ, ಒಳಗೆ ತುಂಬಿದ್ದ ಆಮ್ಲದ ನೀರು ಒಡೆದು ಬಂದು ನದಿ ಕೆಸರುಗೆಂಪಾಯಿತು. ಆ ನೀರನ್ನು ಇಂದಿಗೂ ಸರಕಾರದ ಹಣದಲ್ಲಿ ಶುದ್ಧ ಮಾಡಬೇಕಾಗಿದೆ. ಗಣಿಯ ಲಾಭ ಪಾಲುದಾರರದು, ಗಣಿಯ ನೀರು ಎಲ್ಲರದು.

ನಮ್ಮಲ್ಲಿ ಗಣಿ ಮುಚ್ಚುವ ಮೊದಲು ಮುಚ್ಚುವ ಯೋಜನೆ ಕೊಡಬೇಕು, ಅದಕ್ಕೆ ಹಣದ ಖಾತರಿ ಇಡಬೇಕು ಎಂಬ ನಿಯಮ ಬಂದದ್ದು 2003ರ ಏಪ್ರಿಲ್‌ನಲ್ಲಿ. ಕೆಜಿಎಫ್ ಅದಕ್ಕೂ ಎರಡು ವರ್ಷ ಮೊದಲೇ ಮುಚ್ಚಿಯಾಗಿತ್ತು. ಕಾನೂನಿನ ಕಣ್ಣು ತೆರೆಯುವ ಹೊತ್ತಿಗೆ ಊರು ಬಡವಾಗಿತ್ತು. 2024ರಲ್ಲಿ ರಾಜ್ಯ ಸಂಪುಟ ಆ 13 ದಿಬ್ಬಗಳನ್ನು ಹರಾಜು ಹಾಕಲು ಒಪ್ಪಿಗೆ ಕೊಟ್ಟಿತು, ಹಿಟ್ಟಿನಲ್ಲಿ ಉಳಿದ ಚೂರು ಚಿನ್ನಕ್ಕಾಗಿ. ದಿಬ್ಬಕ್ಕೂ ಬೆಲೆ ಇದೆ ಎಂದು ಈಗ ಗೊತ್ತಾಗಿದೆ. ಇಪ್ಪತ್ತು ವರ್ಷ ಅದರ ದೂಳು ಕುಡಿದವರ ಪಾಲು ಆ ಲೆಕ್ಕದಲ್ಲಿ ಎಷ್ಟು ಎಂದು ಕೇಳುವ ಹಕ್ಕು ಅವರಿಗಿದೆ, ನಮಗೂ ಇದೆ.

ಯಾಕೆಂದರೆ ಮುಂದಿನ ದಿನಗಳಲ್ಲಿ ತಾಮ್ರ ಇನ್ನೂ ಹೆಚ್ಚು ಬೇಕು. ವಿದ್ಯುತ್ ವಾಹನಕ್ಕೆ, ಗಾಳಿಯಂತ್ರಕ್ಕೆ, ಸೌರವಿದ್ಯುತ್ತಿನ ತಂತಿಗೆ, ಎಲ್ಲಕ್ಕೂ ಅದೇ. ಹಳೆಯ ಗುಂಡಿಗಳ ಕಡೆಗೆ ಮತ್ತೆ ಯಾರಾದರೂ ತಿರುಗಿ ನೋಡಿಯಾರು. ಆಗ ಎಷ್ಟು ಟನ್ ಸಿಗುತ್ತದೆ ಎಂಬುದರ ಜೊತೆಗೆ, ದಿಬ್ಬ ಎಲ್ಲಿ ಕೂರುತ್ತದೆ, ಗಣಿ ನಿಂತ ಮೇಲೆ ಅದನ್ನು ಯಾರು ಕಾಯುತ್ತಾರೆ ಎಂದು ಮೊದಲ ದಿನವೇ ಕೇಳಬೇಕು.

ಹಂಡೆ ಹೋದ ಮನೆಗೆ ಈಗ ಒಂದು ತಾಮ್ರದ ಬಾಟಲಿ ಬಂದಿದೆ. ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿದರೆ ಒಳ್ಳೆಯದಂತೆ. ಅದರ ಡಬ್ಬಿಯ ಮೇಲೆ ಹುಣಸೆಹಣ್ಣಿನಿಂದ ತೊಳೆಯಿರಿ ಎಂದು ಬರೆದಿದೆ, ಬೆಲೆ ಬರೆದಿದೆ, ತೂಕ ಬರೆದಿದೆ. ಊರಿನ ಹೆಸರು ಹುಡುಕಿದೆ. ಅಂಗಡಿಯ ಊರಿತ್ತು, ಗಣಿಯ ಊರಿರಲಿಲ್ಲ.