ಹಲಗೆ ಬಡಿದವರ ಲೆಕ್ಕ

ಎಲ್ಲಿ ಆಳಿನ ಕೊರತೆ ಇದೆ, ಎಲ್ಲಿಗೆ ವಲಸೆ ಕೂಲಿಗಳು ಬೇಕು ಎಂಬುದನ್ನು ಈಗ ಅಂತರ್ಜಾಲದ ನೌಕರಿ ಜಾಹೀರಾತು ಎಣಿಸಿ ಹೇಳುವ ಪಂಡಿತರಿದ್ದಾರೆ. ಪಟ್ಟಣದ ಕಂಪ್ಯೂಟರ್ ನೌಕರಿಗೆ ಈ ಲೆಕ್ಕ ಹೊಂದೀತು. ಆದರೆ ಸಂಶಿಯ ಎರಿ ಹೊಲದಾಗ ಹತ್ತಿ ಬಿಡಿಸೋ ಹೆಣ್ಣಾಳನ್ನ ಯಾವ ಜಾಹೀರಾತು ಕರೀತದ?

ನಮ್ಮ ಹಳ್ಳಿಗಳ ಹಳೆಯ ಜಾಹೀರಾತೆಂದರೆ ಡಂಗುರ. ಸಾರಿದವರು ಹಲಗೆ ಹೊತ್ತ ಹೊಲೆಯ-ಮಾದಿಗರು. ಸರಕಾರದ ಸುದ್ದಿಗೂ ಅವರೇ, ಗೌಡ-ಕುಲಕರ್ಣಿಗಳ ಅಪ್ಪಣೆಗೂ ಅವರೇ. ಪಗಾರ ಅಂಬೋದಿಲ್ಲ, ತುಂಡು ಇನಾಮು ಭೂಮಿ, ಕಣದಾಗಿನ ಆಯ, ಅಷ್ಟೇ. ಇಂಥ ವತನದ ಚಾಕರಿಗೆ ಸರಿಯಾದ ಸಂಬಳ, ಇಲ್ಲವೇ ಬಿಡುಗಡೆ ಸಿಗಲೆಂದು ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡಿಸಿದರು. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಮಸೂದೆ ಪಾಸಾಗಲಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂದದ್ದು 1961ರಲ್ಲಿ. ಊರಿಗೆಲ್ಲ ಸುದ್ದಿ ಮುಟ್ಟಿಸಿದವರ ದುಡಿಮೆ ಅಲ್ಲಿವರೆಗೆ ದುಡಿಮೆಯ ಲೆಕ್ಕಕ್ಕೇ ಬಂದಿರಲಿಲ್ಲ.

ಸರಕಾರದ ಲೆಕ್ಕವೂ ಬೇರೆ ಥರದ್ದೇನಲ್ಲ. ಯುದ್ಧದಿಂದ ಮರಳಿದ ಸೈನಿಕರಿಗಾಗಿ 1945ರಲ್ಲಿ ಉದ್ಯೋಗ ವಿನಿಮಯ ಕಚೇರಿಗಳು ಶುರುವಾದವು; 1948ರಲ್ಲಿ ಎಲ್ಲರಿಗೂ ಬಾಗಿಲು ತೆರೆದವು. ಖಾಲಿ ಹುದ್ದೆಗಳನ್ನು ಕಡ್ಡಾಯವಾಗಿ ಈ ಕಚೇರಿಗೆ ತಿಳಿಸಬೇಕೆಂದು 1959ರ ಕಾಯ್ದೆ ಹೇಳಿತು. ಶಿಕ್ಷಕ ಗೆಳೆಯರು ಅದರ ಮೂರನೇ ಕಲಮನ್ನು ಒಮ್ಮೆ ತೆಗೆದು ಓದಬೇಕು. ಯಂತ್ರ ನಡೆಸುವವರನ್ನು ಬಿಟ್ಟರೆ ಖಾಸಗಿ ಹೊಲಗೆಲಸಕ್ಕೆ ಕಾಯ್ದೆ ಲಾಗೂ ಇರಲಿಲ್ಲ. ಮನೆಗೆಲಸಕ್ಕಿಲ್ಲ. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸಕ್ಕೂ ಇಲ್ಲ. ನಮ್ಮವರು ಮಾಡೋದು ಇವನ್ನೇ ಅಲ್ಲೇನ್ರಿ?

ಹೀಗಾಗಿ ನಮ್ಮ ಕೂಲಿಯ ಸುದ್ದಿ ಮೇಸ್ತ್ರಿಯ ಬಾಯಲ್ಲಿ, ಅವನು ಕೊಡುವ ಮುಂಗಡದಲ್ಲಿ ಉಳಿಯಿತು. 1979ರ ವಲಸೆ ಕಾರ್ಮಿಕರ ಕಾಯ್ದೆ ಗುತ್ತಿಗೆದಾರನಿಗೆ ಲೈಸೆನ್ಸ್ ಕಡ್ಡಾಯ ಮಾಡಿತು, ಖರೆ. ಆದರೆ ಅದು ರಾಜ್ಯದ ಗಡಿ ದಾಟಿದವರಿಗೆ ಮಾತ್ರ. ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಕಲ್ಲು-ಮಣ್ಣು ಹೊರಲು ಹೋದವರು ಅದರ ಹೊರಗೇ ಉಳಿದರು.

ಕೂಲಿಗಳು ಎಷ್ಟು ಬೇಕಾಗಿದ್ದರು ಅನ್ನೋದು ಗೊತ್ತಾದದ್ದು 2020ರ ಮೇ 5ರಂದು. ಕಟ್ಟಡ ಉದ್ಯಮಿಗಳ ಜೊತೆ ಮುಖ್ಯಮಂತ್ರಿ ಸಭೆ ನಡೆಸಿದ ದಿನವೇ, ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲು ಬೇಡವೆಂದು ರಾಜ್ಯ ಸರಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀ ಅಂದ ಮೇಲೆ, ಎರಡು ದಿನದಲ್ಲಿ ರೈಲು ಬಿಡಿರೆಂದು ಮತ್ತೆ ಬರೆಯಿತು. ಆ ಬೇಡಿಕೆಗೆ ಯಾರೂ ಜಾಹೀರಾತು ಕೊಟ್ಟಿರಲಿಲ್ಲ.

ಲೆಕ್ಕ ಹಾಕುವ ಮನಸ್ಸಿರುವ ಮಾಸ್ತರರಿಗೆ ಪುಸ್ತಕ ಕೈಯಲ್ಲೇ ಇದೆ. ಸುಗ್ಗಿ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಯಾವ ಓಣಿಯ ಮಕ್ಕಳು ವಾರಗಟ್ಟಲೆ ಗೈರುಹಾಜರು, ಅವರ ಅಪ್ಪ-ಅವ್ವ ಯಾವ ಊರಿಗೆ ದುಡಿಯಲು ಹೋದರು, ಮುಂಗಡ ಎಷ್ಟು ತೊಗೊಂಡರು — ಬರೆದಿಡಲು ಶುರು ಮಾಡಲಿ.