ಹೊಸ ಕಾರಿನ ರೂಪ, ಹೊಸ ಟೆಕ್ನಾಲಜಿ: ಕಾರು ಪ್ರಿಯರ ವಾದವೇನು, ನಮ್ಮ ರಸ್ತೆಗೆ ಬೇಕಾದದ್ದೇನು?

ಕನಕಗಿರಿ: ‘ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು’ ಅನ್ನೋ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾರು ಕೊಳ್ಳುವವರ ನಡುವೆ ಈಗ ಇದೇ ಚರ್ಚೆ. ಕಣ್ಣಿಗೆ ಚಂದ ಕಾಣೋ ಗಾಡಿ ತಗೋಬೇಕಾ, ಕಾಲು ಗಟ್ಟಿ ಇರೋ ಗಾಡಿ ತಗೋಬೇಕಾ?

ಮೂರ್ನಾಲ್ಕು ವರ್ಷದಲ್ಲಿ ಕಾರಿನ ಹೊರರೂಪ, ಒಳಗಿನ ಸೌಲಭ್ಯ ಎರಡೂ ಪೂರ್ತಿ ಬದಲಾಗಿವೆ. ಶೋರೂಮಿಗೆ ಹೋದರೆ ಮೊದಲು ತೋರಿಸೋದು ದೊಡ್ಡ ಸ್ಕ್ರೀನ್, ಸನ್‌ರೂಫ್, ಬಣ್ಣದ ಲೈಟು. ಸಾಲದ ಕಂತು ಮಾತ್ರ ಐದರಿಂದ ಏಳು ವರ್ಷ ಕಟ್ಟಬೇಕು. ಬೇಸಿಕ್ ಮಾಡೆಲ್‌ಗೂ ಟಾಪ್ ಮಾಡೆಲ್‌ಗೂ ನಡುವೆ ಮೂರ್ನಾಲ್ಕು ಲಕ್ಷ ಫರಕು ಬರೋದು ಸಾಮಾನ್ಯ. ಆ ರೊಕ್ಕ ಯಾವುದಕ್ಕೆ ಹೋಗ್ತದೆ, ಕಾರು ಪ್ರಿಯರು ಯಾವುದನ್ನ ಹೊಗಳ್ತಾರೆ, ಯಾವುದನ್ನ ಬೈತಾರೆ ಅನ್ನೋದರ ಮಾಹಿತಿ ಇಲ್ಲಿದೆ.

ಕಾರಿನ ಹಿಂಭಾಗ ಕತ್ತರಿಸಿದಂಗೆ ಯಾಕೆ?

ಕಾರು ಪ್ರಿಯರ ಹಳೇ ದೂರು ಇದು. ‘ಮುಂದೆ ನೋಡಿದ್ರೆ ದೊಡ್ಡ ಗಾಡಿ, ಹಿಂದೆ ನೋಡಿದ್ರೆ ಅರ್ಧಕ್ಕೇ ಮುಗಿದೈತಿ’ ಅಂತಾರೆ. ಇದಕ್ಕೆ ಕಾರಣ ಡಿಸೈನ್ ಮಾಡಿದವರಿಗಿಂತ ಹೆಚ್ಚಾಗಿ ತೆರಿಗೆ.

2006ರಲ್ಲಿ ಕೇಂದ್ರ ಸರ್ಕಾರ ಸಣ್ಣ ಕಾರುಗಳಿಗೆ ತೆರಿಗೆ ಇಳಿಸಿತು. ಉದ್ದ 4 ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ, ಡೀಸೆಲ್ ಆದರೆ 1500 ಸಿಸಿ ಒಳಗೆ ಇದ್ದರೆ ಅದು ಸಣ್ಣ ಕಾರು. 2008ರಲ್ಲಿ ಟಾಟಾ ಇಂಡಿಗೊ ಸಿಎಸ್ ಡಿಕ್ಕಿ ಮೊಟಕು ಮಾಡಿಕೊಂಡು ಈ ಲೆಕ್ಕದೊಳಗೆ ಬಂತು. ಆಮೇಲೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ಇವತ್ತು ನೆಕ್ಸಾನ್, ಬ್ರೆಝಾ, ವೆನ್ಯೂ, ಡಿಝೈರ್ ನಾಲ್ಕರ ಉದ್ದವೂ 3,995 ಮಿ.ಮೀ. 4 ಮೀಟರ್‌ಗೆ ಬರೀ 5 ಮಿ.ಮೀ. ಕಮ್ಮಿ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾದ ಮೇಲೂ ಇದೇ ಗೆರೆ ಉಳಿದಿದೆ. ಸಣ್ಣ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40, ಎಲೆಕ್ಟ್ರಿಕ್ ಕಾರಿಗೆ ಶೇ 5. ಉದ್ದ ಒಂದೇ ನೋಡಿದರೆ ಸಾಲದು, ಎಂಜಿನ್ನೂ ನೋಡಬೇಕು. ಬ್ರೆಝಾ 4 ಮೀಟರ್ ಒಳಗೇ ಇದ್ದರೂ ಅದರ ಪೆಟ್ರೋಲ್ ಎಂಜಿನ್ 1,462 ಸಿಸಿ, ಹಾಗಾಗಿ ಶೇ 40ರ ಸಾಲಿಗೆ ಹೋಗುತ್ತದೆ.

ಹೊಸ ಮುಖ, ಹಳೇ ಹೆಸರು

ಈಗಿನ ಕಾರುಗಳ ಮುಂದೆ, ಹಿಂದೆ ಈ ತುದಿಯಿಂದ ಆ ತುದಿವರೆಗೆ ಒಂದೇ ಉದ್ದ ಲೈಟು ಪಟ್ಟಿ ಬಂದಿದೆ. ‘ರಾತ್ರಿ ದೂರದಿಂದ ನೋಡಿದ್ರೆ ಯಾವ ಕಂಪನಿ ಗಾಡಿ ಅಂತ ಗೊತ್ತೇ ಆಗಲ್ಲ’ ಅನ್ನೋದು ಒಂದು ಗುಂಪಿನ ತಕರಾರು. ‘ಅದೇ ಇವತ್ತಿನ ಲುಕ್’ ಅನ್ನೋದು ಹುಡುಗರ ವಾದ.

2024ರ ನವೆಂಬರ್‌ನಲ್ಲಿ ಬಂದ ಮಹೀಂದ್ರ ಬಿಇ 6 ಈ ಜಗಳಕ್ಕೆ ಒಳ್ಳೇ ಉದಾಹರಣೆ. ಚೂಪು ಮೂಲೆ, ವಿಮಾನದ ಕಾಕ್‌ಪಿಟ್ ತರದ ಸೀಟು. ಕೆಲವರಿಗೆ ಸಿನಿಮಾ ಗಾಡಿ, ಕೆಲವರಿಗೆ ಅತಿಯಾಯ್ತು. ಮೊದಲು ಇದರ ಹೆಸರು ಬಿಇ 6ಇ ಅಂತ ಇತ್ತು. ಇಂಡಿಗೊ ವಿಮಾನ ಸಂಸ್ಥೆ ‘6ಇ’ ನಮ್ಮದು ಅಂತ ಕೋರ್ಟಿಗೆ ಹೋದ ಮೇಲೆ ಬಿಇ 6 ಆಯ್ತು.

ಇನ್ನೊಂದು ಕಡೆ ಹಳೇ ನೆನಪಿನ ಗಾಡಿಗಳು. 1991ರಲ್ಲಿ ಬಂದಿದ್ದ ಟಾಟಾ ಸಿಯೆರಾ ಹೆಸರು 2025ರ ನವೆಂಬರ್‌ನಲ್ಲಿ ಮತ್ತೆ ಬಂತು. ಹಿಂದಿನ ದೊಡ್ಡ ಗಾಜಿನ ಆಕಾರವನ್ನು ನೆನಪಿಸೋ ಹಾಗೆ ಮಾಡಿದ್ದಾರೆ. ಇನ್ನು ಬೊಲೆರೊ 2000ದಿಂದ ಇವತ್ತಿನವರೆಗೂ ಡಬ್ಬಿ ಆಕಾರ ಬಿಟ್ಟಿಲ್ಲ. ಹಳ್ಳಿ ದಾರಿ ಓಡಿಸೋರು ಇದನ್ನ ಮೆಚ್ಚೋಕೆ ಕಾರಣ ಚಂದ ಅಲ್ಲ. ಸೀಟಲ್ಲಿ ಕೂತರೆ ಬಾನೆಟ್ಟಿನ ತುದಿ ಕಾಣ್ತದೆ, ಸಂತೆ ದಿನ ಇಕ್ಕಟ್ಟಿನಲ್ಲಿ ಎಲ್ಲಿವರೆಗೆ ಗಾಡಿ ಹೋಗ್ತದೆ ಅಂತ ಅಂದಾಜು ಸಿಗ್ತದೆ.

ಬಟನ್ನಾ, ಟಚ್ ಸ್ಕ್ರೀನಾ?

ಅತಿ ಹೆಚ್ಚು ವಾದ ನಡೆಯೋದು ಇಲ್ಲೇ. ಮೊದಲು ಎಸಿ, ಫ್ಯಾನು, ರೇಡಿಯೊ ಎಲ್ಲಕ್ಕೂ ತಿರುವೋ ಗುಂಡಿ ಇತ್ತು. ಕಣ್ಣು ರಸ್ತೆ ಮೇಲೆ, ಕೈ ಗುಂಡಿ ಮೇಲೆ. ಈಗ ಬಹಳ ಗಾಡಿಗಳಲ್ಲಿ ಇವು ಸ್ಕ್ರೀನ್ ಒಳಗೆ ಹೋಗಿವೆ, ಇಲ್ಲವೆ ಗಾಜಿನಂಥ ಟಚ್ ಪ್ಯಾನೆಲ್ ಆಗಿವೆ.

ಸ್ವೀಡನ್ನಿನ ಒಂದು ಕಾರು ಪತ್ರಿಕೆ 2022ರಲ್ಲಿ ಇದನ್ನ ಪರೀಕ್ಷೆ ಮಾಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ರೇಡಿಯೊ ಹಚ್ಚೋದು, ಎಸಿ ಹೊಂದಿಸೋದು ಇಂಥ ನಾಲ್ಕು ಕೆಲಸ ಮಾಡಬೇಕಿತ್ತು. ಬಟನ್ ಇದ್ದ 2005ರ ಹಳೇ ವೋಲ್ವೊದಲ್ಲಿ 10 ಸೆಕೆಂಡಿಗೆ ಮುಗೀತು. ಸ್ಕ್ರೀನ್ ಇದ್ದ ಹೊಸ ಎಂಜಿ ಮಾರ್ವೆಲ್ ಆರ್ ಕಾರಿನಲ್ಲಿ ಸುಮಾರು 45 ಸೆಕೆಂಡು ಹಿಡೀತು. ಅಷ್ಟರಲ್ಲಿ ಗಾಡಿ ಒಂದೂಕಾಲು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಿತ್ತು.

ನಮ್ಮ ಲೆಕ್ಕಕ್ಕೆ ತಂದು ನೋಡಿ. ಕುಷ್ಟಗಿ ಹತ್ತಿರ ಹೈವೇ ಮೇಲೆ 80ರ ವೇಗದಲ್ಲಿ ಇದ್ದರೆ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗ್ತದೆ. ಎರಡು ಸೆಕೆಂಡು ಸ್ಕ್ರೀನ್ ನೋಡಿದರೆ 44 ಮೀಟರ್ ಕಣ್ಣು ಮುಚ್ಚಿ ಓಡಿಸಿದಂಗೆ. ಎದುರಿಗೆ ಕುರಿ ಹಿಂಡು ಬರೋಕೆ ಅಷ್ಟು ಹೊತ್ತು ಸಾಕು.

ಕಂಪನಿಗಳೂ ಈಗ ಹಿಂದಕ್ಕೆ ತಿರುಗುತ್ತಿವೆ. ಮುಖ್ಯ ಕೆಲಸಗಳಿಗೆ ಬಟನ್ ವಾಪಸ್ ತರ್ತೀವಿ ಅಂತ ಫೋಕ್ಸ್‌ವ್ಯಾಗನ್ 2025ರಲ್ಲಿ ಹೇಳಿತು. ಯುರೋಪಿನ ಸುರಕ್ಷತಾ ಪರೀಕ್ಷಾ ಸಂಸ್ಥೆ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ ಈ ಐದಕ್ಕೆ ಕೈಗೆ ಸಿಗೋ ಸ್ವಿಚ್ ಇರಲಿ ಅನ್ನುತ್ತಿದೆ. ಇಲ್ಲದಿದ್ದರೆ ಅಂಕ ಕಡಿತ.

ಇನ್ನೊಂದು ಫ್ಯಾಷನ್ ಬಾಗಿಲ ಒಳಗೆ ಅಡಗೋ ಹ್ಯಾಂಡಲ್. ನೋಡೋಕೆ ನೀಟು, ಆದರೆ ಅಪಘಾತ ಆದಾಗ, ಕರೆಂಟ್ ಹೋದಾಗ ಹೊರಗಿನವರು ಬಾಗಿಲು ತೆಗೆಯೋದು ಹೇಗೆ ಅನ್ನೋ ಪ್ರಶ್ನೆ ಇದೆ. ಇದೇ ಕಾರಣಕ್ಕೆ ಚೀನಾ 2027ರ ಜನವರಿ 1ರಿಂದ ಕೈಯಿಂದಲೇ ತೆಗೆಯೋ ವ್ಯವಸ್ಥೆ ಕಡ್ಡಾಯ ಮಾಡಿದೆ. ಇಂಥ ಗಾಡಿ ತಗೊಂಡರೆ ಕರೆಂಟ್ ಇಲ್ಲದಾಗ ಬಾಗಿಲು ಹೇಗೆ ತೆಗೆಯೋದು ಅಂತ ಮನೆ ಮಂದಿಗೆಲ್ಲ ತೋರಿಸಿಡಿ.

ದೊಡ್ಡ ಚಕ್ರ, ತೆಳು ಟೈರು

ಟಾಪ್ ಮಾಡೆಲ್‌ಗೆ 17, 18 ಇಂಚಿನ ಅಲಾಯ್ ವೀಲ್ ಹಾಕ್ತಾರೆ. ಫೋಟೊದಲ್ಲಿ ಗಾಡಿ ಗತ್ತಾಗಿ ಕಾಣ್ತದೆ. ಆದರೆ ಚಕ್ರ ದೊಡ್ಡದಾದಷ್ಟೂ ಸಾಮಾನ್ಯವಾಗಿ ಟೈರಿನ ರಬ್ಬರ್ ಗೋಡೆ ತೆಳುವಾಗ್ತದೆ.

ಟೈರ್ ಮೇಲಿನ ನಂಬರ್ ಓದೋದು ಸುಲಭ. 215/60 ಆರ್16 ಅಂದರೆ ಟೈರಿನ ಅಗಲ 215 ಮಿ.ಮೀ., ಗೋಡೆ ಎತ್ತರ ಅದರ ಶೇ 60, ಅಂದರೆ 129 ಮಿ.ಮೀ. ಚಕ್ರ 16 ಇಂಚು. ನಡುವಿನ ನಂಬರ್ 50 ಇದ್ದರೆ ಗೋಡೆ 107 ಮಿ.ಮೀ.ಗೆ ಇಳೀತದೆ. ಗುಂಡಿಗೆ ಬಿದ್ದಾಗ ಪೆಟ್ಟು ತಡೆಯೋ ರಬ್ಬರ್ ಅಷ್ಟು ಕಮ್ಮಿ. ಸ್ಟೀಲ್ ರಿಮ್ ಬೆಂಡ್ ಆದರೆ ಬಡಿದು ಸರಿ ಮಾಡ್ತಾರೆ, ಅಲಾಯ್ ಸೀಳಿದರೆ ಹೊಸದೇ ತರಬೇಕು.

ನೆಲದಿಂದ ಎತ್ತರವೂ ನೋಡಿ. ಸ್ವಿಫ್ಟ್ 163 ಮಿ.ಮೀ., ನೆಕ್ಸಾನ್ 208 ಮಿ.ಮೀ. ಇದೆ. ಹೊಲದ ದಾರಿ, ಎತ್ತರದ ಹಂಪ್ ಇರೋ ಊರಿಗೆ ದಿನಾ ಹೋಗೋರಿಗೆ ಈ ಫರಕು ಗೊತ್ತಾಗ್ತದೆ.

ಬಿಳಿ ಲೈಟು: ಓಡಿಸೋರಿಗೆ ಹಿತ, ಎದುರಿನವರಿಗೆ ಕುರುಡು

ಎಲ್‌ಇಡಿ ಹೆಡ್‌ಲೈಟ್ ಬಗ್ಗೆ ಕಾರು ಪ್ರಿಯರಲ್ಲೇ ಎರಡು ಮಾತಿದೆ. ಕಂಪನಿಯಿಂದ ಬಂದ ಎಲ್‌ಇಡಿಗೆ ಬೆಳಕು ಎಲ್ಲಿ ನಿಲ್ಲಬೇಕು ಅನ್ನೋ ಗೆರೆ ಇರುತ್ತದೆ. ಹಳೇ ಬಲ್ಬಿನ ಡೂಮಿಗೆ ಹೊರಗಿಂದ ತಂದ ಎಲ್‌ಇಡಿ ತುರುಕಿದರೆ ಆ ಗೆರೆ ಕೆಡ್ತದೆ, ಬೆಳಕು ಎದುರು ಬೈಕಿನವನ ಮುಖಕ್ಕೇ ಹೊಡೀತದೆ.

ಬಹಳ ಮಂದಿ ಮುಟ್ಟದ ಒಂದು ಸಣ್ಣ ಚಕ್ರ ಸ್ಟಿಯರಿಂಗ್ ಬಲಗಡೆ ಇರುತ್ತದೆ, 0, 1, 2, 3 ಅಂತ ಬರೆದಿರುತ್ತದೆ. ಅದು ಹೆಡ್‌ಲೈಟ್ ಎತ್ತರ ಹೊಂದಿಸೋದು. ಹಿಂದೆ ಮಂದಿ ಕೂತು, ಡಿಕ್ಕಿಯಲ್ಲಿ ಅಕ್ಕಿ ಚೀಲ ಹಾಕಿದರೆ ಗಾಡಿಯ ಮೂತಿ ಮೇಲೆದ್ದು ಲೈಟು ಆಕಾಶ ನೋಡ್ತದೆ. ಆಗ ನಂಬರ್ ಹೆಚ್ಚು ಮಾಡಿದರೆ ಬೆಳಕು ಕೆಳಗೆ ಬರ್ತದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ತಾನೇ ಬ್ರೇಕ್ ಹಾಕೋ ಗಾಡಿ ನಂಬಬಹುದಾ?

ಅಡಾಸ್ ಅಂತ ಕರೆಯೋ ವ್ಯವಸ್ಥೆಯಲ್ಲಿ ಕ್ಯಾಮೆರಾ, ರಡಾರ್ ಸೇರಿ ಎದುರಿನ ಗಾಡಿ, ರಸ್ತೆಯ ಬಿಳಿ ಪಟ್ಟಿ ನೋಡುತ್ತವೆ. ಅಪಾಯ ಕಂಡರೆ ಬ್ರೇಕ್ ಹಾಕ್ತದೆ, ಪಟ್ಟಿ ದಾಟಿದರೆ ಸ್ಟಿಯರಿಂಗ್ ಎಳೀತದೆ. 2021ರ ಎಕ್ಸ್‌ಯುವಿ700 ನಂತರ ಇದು ನಮ್ಮಲ್ಲಿ ಹೆಚ್ಚು ಮಾತಿಗೆ ಬಂತು.

ನಾಲ್ಕು ಪಥದ ಹೈವೇಯಲ್ಲಿ ಇದು ಉಪಯೋಗ. ಪಟ್ಟಿಯೇ ಇಲ್ಲದ ಒಳರಸ್ತೆಯಲ್ಲಿ ಪಟ್ಟಿ ಹಿಡಿಯೋ ಸೌಲಭ್ಯ ಕೆಲಸಕ್ಕೆ ಬರಲ್ಲ. ಇದು ಸಹಾಯಕ ಮಾತ್ರ, ಜವಾಬ್ದಾರಿ ಓಡಿಸೋರದ್ದೇ ಅಂತ ಕಂಪನಿಗಳೇ ಪುಸ್ತಕದಲ್ಲಿ ಬರೆದಿರುತ್ತವೆ.

ಎಲೆಕ್ಟ್ರಿಕ್: ಜಿಲ್ಲೆಗೂ ಸಂಬಂಧ

ಎಲೆಕ್ಟ್ರಿಕ್ ಕಾರು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ರೇವಾ 2001ರಲ್ಲೇ ರಸ್ತೆಗೆ ಬಂದಿತ್ತು, 2010ರಲ್ಲಿ ಮಹೀಂದ್ರ ಆ ಕಂಪನಿ ಕೊಂಡುಕೊಂಡಿತು. ನಮ್ಮ ಕೊಪ್ಪಳ ತಾಲ್ಲೂಕಿನ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯಲ್ಲಿ ಎಂಜಿನ್ನಿನ ಸಿಲಿಂಡರ್ ಬ್ಲಾಕ್ ಎರಕ ಹೊಯ್ಯುತ್ತಾರೆ. ಎಲೆಕ್ಟ್ರಿಕ್ ಗಾಡಿಗೆ ಆ ಬ್ಲಾಕ್ ಬೇಕಿಲ್ಲ, ಎಂಜಿನ್ ಆಯಿಲ್ಲೂ ಬೇಕಿಲ್ಲ. ಹಾಗಾಗಿ ಈ ಬದಲಾವಣೆ ನಮ್ಮ ಗ್ಯಾರೇಜು, ಬಿಡಿಭಾಗದ ಅಂಗಡಿ, ಕಾರ್ಖಾನೆ ಮೂರಕ್ಕೂ ಸಂಬಂಧಪಟ್ಟದ್ದು.

ಕೊಳ್ಳುವವರು ಮಾಡಬೇಕಾದ ಲೆಕ್ಕ ಚಾರ್ಜಿಂಗ್‌ದು. 45 ಕಿಲೋವ್ಯಾಟ್ ಅವರ್ ಬ್ಯಾಟರಿಯನ್ನು ಮನೆಯ 3.3 ಕಿಲೋವ್ಯಾಟ್ ಪಾಯಿಂಟಿನಲ್ಲಿ ಸೊನ್ನೆಯಿಂದ ತುಂಬಲು ಕನಿಷ್ಠ 14 ತಾಸು ಬೇಕು. ದಿನಾ 40–50 ಕಿ.ಮೀ. ಓಡಿಸೋರಿಗೆ ರಾತ್ರಿ ಮೂರ್ನಾಲ್ಕು ತಾಸು ಹಾಕಿದರೆ ಸಾಕಾಗ್ತದೆ. ಮೊದಲು ಮನೆಯ ಅರ್ಥಿಂಗ್, ಜೆಸ್ಕಾಂ ಲೋಡ್ ಎಷ್ಟಿದೆ ನೋಡಿಸಿ.

ರೊಕ್ಕ ಕೊಡೋ ಮುಂಚೆ ಇಷ್ಟು ನೋಡಿ

– ಸ್ಟಾರ್ ರೇಟಿಂಗ್: ದೇಶದ ಸ್ವಂತ ಪರೀಕ್ಷೆ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಶುರುವಾಗಿದೆ. ದೊಡ್ಡವರಿಗೆ, ಮಕ್ಕಳಿಗೆ ಬೇರೆ ಬೇರೆ ಸ್ಟಾರ್ ಇರುತ್ತದೆ, ಎರಡನ್ನೂ ಕೇಳಿ.

– ಏರ್‌ಬ್ಯಾಗ್: ಇದು ಈಗ ಟಾಪ್ ಮಾಡೆಲ್‌ನ ಸೊತ್ತಲ್ಲ. 2025ರಲ್ಲಿ ಆಲ್ಟೊ ಕೆ10, ವ್ಯಾಗನ್ ಆರ್‌ಗೂ ಎಲ್ಲ ಮಾಡೆಲ್‌ನಲ್ಲಿ 6 ಏರ್‌ಬ್ಯಾಗ್ ಬಂದಿವೆ. ಬೆಲ್ಟ್ ಹಾಕದಿದ್ದರೆ ಏರ್‌ಬ್ಯಾಗ್ ಪೂರ್ತಿ ಕಾಪಾಡಲ್ಲ. ಹಿಂದಿನ ಸೀಟಿಗೂ ಬೆಲ್ಟ್ ಬೇಕು.

– ಸನ್‌ರೂಫ್: ನಮ್ಮ ಬ್ಯಾಸಿಗಿ 40 ಡಿಗ್ರಿ ದಾಟ್ತದೆ. ಗಾಜಿನ ಮಾಡಿನಿಂದ ಶಾಖ ಇಳೀತದೆ. ಮಕ್ಕಳನ್ನ ಓಡೋ ಗಾಡಿಯಲ್ಲಿ ಅದರಿಂದ ಹೊರಗೆ ನಿಲ್ಲಿಸೋದು ಅಪಾಯ. ಅದರ ರೊಕ್ಕಕ್ಕೆ ಹಿಂದಿನ ಎಸಿ ವೆಂಟ್, ಒಳ್ಳೇ ಟೈರು ಸಿಗ್ತಾವ ಕೇಳಿ.

– ಸ್ಟೆಪ್ನಿ: ಕೆಲವು ಹೊಸ ಗಾಡಿಗಳಲ್ಲಿ ಸ್ಟೆಪ್ನಿ ಬದಲು ಪಂಕ್ಚರ್ ಕಿಟ್ ಕೊಡ್ತಾರೆ. ಡಿಕ್ಕಿ ತೆಗೆಸಿ ನೋಡಿ.

– ಟೆಸ್ಟ್ ಡ್ರೈವ್: ಶೋರೂಮ್ ಮುಂದಿನ ನುಣುಪು ರಸ್ತೆಯಲ್ಲಿ ಬೇಡ. ಮನೆ ಮಂದಿ ಎಲ್ಲ ಕೂತು, ಹಂಪ್ ಇರೋ ದಾರಿಯಲ್ಲಿ, ಆದರೆ ಕತ್ತಲಾದ ಮೇಲೊಮ್ಮೆ ಓಡಿಸಿ. ಕಣ್ಣು ರಸ್ತೆಯಿಂದ ತೆಗೆಯದೆ ಎಸಿ ಕಮ್ಮಿ ಮಾಡೋಕೆ ಆಗ್ತದಾ ಅಂತ ಅಲ್ಲೇ ನೋಡಿ.

ಲುಕ್ ಯಾವುದು ಚಂದ ಅನ್ನೋದು ಅವರವರ ಇಷ್ಟ, ಆ ಜಗಳ ಮುಗಿಯಲ್ಲ. ಆದರೆ ಬ್ರೇಕು, ಬೆಲ್ಟು, ಲೈಟು, ಟೈರು ಈ ನಾಲ್ಕರಲ್ಲಿ ರಾಜಿ ಬೇಡ. ಸ್ಕ್ರೀನ್ ಸಣ್ಣದಿದ್ದರೂ ಊರು ಮುಟ್ಟಬಹುದು.