ಸ್ತೋಮಭಾಂಡವಿಚಾರ

ನೇತ್ರಾವತಿಯ ದಡದ ಬಂಟವಾಳವು ಹತ್ತೊಂಬತ್ತನೆಯ ಶತಮಾನದಲ್ಲಿ ತುಳುನಾಡಿನ ಪ್ರಮುಖ ವ್ಯಾಪಾರಸ್ಥಳಗಳಲ್ಲೊಂದಾಗಿತ್ತು. ಘಟ್ಟದ ಮೇಲಿನ ಕಾಫಿ ಮೊದಲಾದ ಸರಕು ಚಾರ್ಮಾಡಿಯನ್ನಿಳಿದು ಬೆಳ್ತಂಗಡಿಯ ಮಾರ್ಗವಾಗಿ ಇಲ್ಲಿಗೆ ಬಂದು, ದೋಣಿಗಳಲ್ಲಿ ಮಂಗಳೂರಿಗೆ ಸಾಗುತ್ತಿತ್ತು. ಮೂಡಬಿದಿರೆಯಾದರೋ 1430ರ ತ್ರಿಭುವನತಿಲಕ ಚೂಡಾಮಣಿ ಬಸದಿಯ ಕಾಲದಿಂದಲೇ ಸಂಪನ್ನವಾದ ಪಟ್ಟಣ. ಎತ್ತು, ಗಾಡಿ, ದೋಣಿಗಳು ಬಾಡಿಗೆಗೆ ಓಡುವಲ್ಲಿ, ಅವು ಕೆಟ್ಟರೆ ನಷ್ಟವಾರದು ಎಂಬ ಪ್ರಶ್ನೆಯು ಏಳದಿರದು.

ನಾರದಸ್ಮೃತಿಯಲ್ಲಿ ಬಾಡಿಗೆಗೆ ‘ಸ್ತೋಮ’ವೆಂದು ಹೆಸರು. ಸ್ತೋಮಕ್ಕೆ ಪಡೆದ ಭಾಂಡಗಳನ್ನು ಅವಧಿ ತುಂಬಿದೊಡನೆ ಒಪ್ಪಿಸತಕ್ಕದ್ದು. ಒಡೆದುದನ್ನೂ ಕಳೆದುದನ್ನೂ ಪಡೆದವನೇ ತುಂಬಿಕೊಡತಕ್ಕದ್ದು. ‘ಸಂಪ್ಲವ’ದಿಂದಾದ ಹಾನಿ ಮಾತ್ರ ಇದಕ್ಕೆ ಹೊರತು. ಈ ಶಬ್ದಕ್ಕೆ ಪ್ರವಾಹವೆಂದೂ ಪರಸ್ಪರ ತಾಕಲಾಟವೆಂದೂ ಅರ್ಥ ಹೇಳಬಹುದು. ಎರಡನೆಯ ಅರ್ಥವನ್ನೇ ಹಿಡಿದರೆ ನೆರೆಯಲ್ಲಿ ಕೊಚ್ಚಿಹೋದ ದೋಣಿಯ ಬೆಲೆಯನ್ನು ಬಾಡಿಗೆದಾರನು ತೆರಬೇಕಾದೀತು. ಆದರೆ ಯಾಜ್ಞವಲ್ಕ್ಯನು ಸರಕು ಹೊರುವವನಿಗೂ ಅಡವು ಹಿಡಿದವನಿಗೂ ರಾಜನಿಂದ ಅಥವಾ ದೈವದಿಂದಾದ ನಷ್ಟದ ಹೊಣೆಯನ್ನು ಬಿಟ್ಟಿರುವನು. ಈ ನ್ಯಾಯವು ಬಾಡಿಗೆದಾರನಿಗೂ ಸಲ್ಲುವುದೇ ಯುಕ್ತ.

ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯೆಯನ್ನು ರಚಿಸಿದುದು ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ. ತುಳುನಾಡಿನ ಅನೇಕ ಮನೆತನಗಳಲ್ಲಿ ಅಳಿಯಸಂತಾನವು ನಡೆದು, ಮಿತಾಕ್ಷರೆಯ ದಾಯಕ್ರಮವು ಸಲ್ಲಲಿಲ್ಲವೆಂಬ ಆಕ್ಷೇಪವು ಬರಬಹುದು. ದಾಯವು ಕುಲಕ್ಕೆ ಸೇರಿದ ವಿಷಯ. ಸ್ತೋಮವು ಇಬ್ಬರ ಮಾತಿಗೆ ಸೇರಿದ್ದು. ಆದುದರಿಂದ ಈ ಆಕ್ಷೇಪವು ನಿಲ್ಲದು.

1872ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಭಾರತೀಯ ಕರಾರು ಕಾಯಿದೆಯು ಬೇರೊಂದು ದಾರಿಯನ್ನು ಹಿಡಿಯಿತು. ನಾರದನಲ್ಲಿ ಭಂಗವೇ ಹೊಣೆಗೆ ಕಾರಣ. ಕಾಯಿದೆಯಲ್ಲಿ ಎಚ್ಚರಗೇಡಿತನವು ಕಾರಣ. ಸಾಮಾನ್ಯ ವಿವೇಕಿಯು ತನ್ನ ವಸ್ತುವಿನಲ್ಲಿ ತೋರುವಷ್ಟು ಎಚ್ಚರವನ್ನು ತೋರಿದವನು, ವಿಶೇಷ ಕರಾರಿಲ್ಲದಿದ್ದರೆ, ಹೊಣೆಯಲ್ಲವೆಂದು 151, 152ನೆಯ ಕಲಮುಗಳು. ಬಾಡಿಗೆಗೆ ಕೊಟ್ಟ ವಸ್ತುವಿನ ದೋಷದಿಂದ ಹಾನಿಯಾದರೆ, ಆ ದೋಷವನ್ನು ಅರಿಯದಿದ್ದರೂ ಒಡೆಯನೇ ಹೊಣೆಯೆಂದು 150ನೆಯದು. ಮೇಲಣ ಸ್ಮೃತಿವಚನಗಳಲ್ಲಿ ಒಡೆಯನ ಈ ಭಾರವು ಕಾಣಬರದು.

ಒಂದೆಡೆ ಮಾತ್ರ ಎರಡು ಶಾಸ್ತ್ರಗಳೂ ಕೂಡುತ್ತವೆ. 1923ರ ನೆರೆಯಲ್ಲಿ ಬಂಟವಾಳವು ಮುಳುಗಿತು. 1974ರಲ್ಲಿಯೂ ನೇತ್ರಾವತಿಯು ಪೇಟೆಯನ್ನು ಹೊಕ್ಕಿತು. ಅಂಥ ನೆರೆಗೆ ಸಿಕ್ಕಿದ ದೋಣಿಯ ಅವಧಿಯು ಮುಗಿಯದಿದ್ದರೆ, ಎಚ್ಚರದಿಂದಿದ್ದ ಬಾಡಿಗೆದಾರನು ನಿರ್ದೋಷಿ. ಅವಧಿ ಮೀರಿದ ಮೇಲೂ ಅವನು ಅದನ್ನು ಇರಿಸಿಕೊಂಡಿದ್ದರೆ 161ನೆಯ ಕಲಮು ನಷ್ಟವನ್ನು ಅವನ ಮೇಲೆಯೇ ಹೊರಿಸುತ್ತದೆ. ಕೇಳಿದರೂ ಕೊಡದೆ ಇರಿಸಿಕೊಂಡ ನಿಕ್ಷೇಪವು ಆಮೇಲೆ ನಷ್ಟವಾದರೆ ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕೆಂದು ಯಾಜ್ಞವಲ್ಕ್ಯನ ವಿಧಿ. ದೈವವು ಮಾತಿಗೆ ನಿಂತವನನ್ನು ಬಿಡಿಸೀತು. ಮಾತು ತಪ್ಪಿದವನಿಗೆ ಅದು ನೆಪವಾಗಲಾರದು.